ಬೆಲ್ಟಿನ ಜೊತೆ ಪಂಪನ್ನೂ ಬದಲಿಸಿ: ಒಂದು ತಪ್ಪು ಉಳಿತಾಯದ ಲೆಕ್ಕ



ಈ ಪುಟದಲ್ಲಿ ಕಾಫಿಯ ಧಾರಣೆ, ಅಡಿಕೆಯ ಕೊಳೆ, ಗೊಬ್ಬರದ ದಾಸ್ತಾನು ಮುಂತಾದ ವಿಷಯಗಳನ್ನೇ ನಾವು ಬರೆಯುತ್ತ ಬಂದಿದ್ದೇವೆ. ಈ ಸಲ ಹಳೆಯ ಕಾರಿನ ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪಿನ ವಿಷಯ ಬರೆಯುತ್ತೇವೆಂದು ಹೇಳಿದಾಗ ಆಡಳಿತ ಮಂಡಳಿಯ ಹಿರಿಯರೊಬ್ಬರು, “ಸಂಘದ ಪತ್ರಿಕೆಗೂ ಗ್ಯಾರೇಜಿಗೂ ಏನ್ರೀ ಸಂಬಂಧ?” ಎಂದು ನಕ್ಕರು. ಸಂಬಂಧವಿದೆ ಎಂಬುದೇ ನಮ್ಮ ವಾದ. ನಮ್ಮ ಸದಸ್ಯರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಹೊಸ ಕಾರು ಕೊಳ್ಳುವವರು ಕಡಿಮೆ. ಹತ್ತು, ಹದಿನೈದು, ಇಪ್ಪತ್ತು ವರ್ಷದ ಹಳೆಯ ಗಾಡಿಯನ್ನು ಜೋಪಾನ ಮಾಡಿ ಓಡಿಸುವವರೇ ಹೆಚ್ಚು. ಆ ಗಾಡಿಯಲ್ಲೇ ಗೊಬ್ಬರದ ಚೀಲ ಬರುತ್ತದೆ, ಮಾದರಿ ಅಡಿಕೆ ಮಂಡಿಗೆ ಹೋಗುತ್ತದೆ, ಮಕ್ಕಳು ಬಸ್ಸಿನ ರಸ್ತೆಗೆ ಹೋಗುತ್ತಾರೆ. ಮಳೆಗಾಲದ ನಡುರಾತ್ರಿಯಲ್ಲಿ ಅದೇ ಗಾಡಿ ಆಸ್ಪತ್ರೆಗೆ ದಾರಿ. ಹೀಗಿರುವಾಗ ಗಾಡಿಯ ವಿಷಯ ತೋಟದ ವಿಷಯವೇ ಆಯಿತು.

ಇನ್ನೊಂದು ಕಾರಣವೂ ಇದೆ. ಈ ವಿಷಯದಲ್ಲಿ ನಾವೇ ತಪ್ಪು ಮಾಡಿದ್ದೇವೆ. ಕಾರ್ಯದರ್ಶಿಯ ಕುರ್ಚಿಯಲ್ಲಿ ಕುಳಿತು ಇತರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಮರ್ಯಾದೆ.

ನಡೆದ ಸಂಗತಿ

ನಮ್ಮ ಕಾರು 2004ರದು. ಅದನ್ನು ನಾವು 2015ರಲ್ಲಿ ಇನ್ನೊಬ್ಬರಿಂದ ಕೊಂಡೆವು. ತಯಾರಿಸಿದ ಕಂಪನಿಯ ಹೆಸರು ಇಲ್ಲಿ ಬೇಡ, ತಪ್ಪು ಕಾರಿನದಲ್ಲ. 2017ರ ಬೇಸಿಗೆಯಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಲು ಪೇಟೆಯ ಮೆಕ್ಯಾನಿಕ್ ಒಬ್ಬರಿಗೆ ಕೊಟ್ಟೆವು. ಬೆಲ್ಟು ಬಿಚ್ಚಿದ ಮೇಲೆ ಅವರು ನಮ್ಮನ್ನು ಕರೆದು, “ಸಾರ್, ವಾಟರ್ ಪಂಪು ಹದಿಮೂರು ವರ್ಷದ್ದು. ಇಷ್ಟೆಲ್ಲ ಬಿಚ್ಚಿದೀವಿ, ಇದನ್ನೂ ಹೊಸದು ಹಾಕಿಬಿಡೋಣ” ಎಂದರು. ನಾವು ಪಂಪಿನ ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದೆವು. ಅಲ್ಲಾಡಲಿಲ್ಲ, ಶಬ್ದ ಬರಲಿಲ್ಲ, ನೀರು ಸೋರಿದ ಗುರುತೂ ಇರಲಿಲ್ಲ. ಆ ವರ್ಷ ಕಾಳುಮೆಣಸಿನ ಧಾರಣೆಯೂ ಇಳಿದಿತ್ತು. “ಚೆನ್ನಾಗಿರೋದನ್ನ ಯಾಕೆ ಎಸೀಬೇಕು? ಮುಂದಿನ ಸಲ ನೋಡೋಣ ಬಿಡಿ” ಎಂದೆವು. ಅವರು ಮತ್ತೆ ಮಾತಾಡಲಿಲ್ಲ. ಉಳಿಸಿದ ಹಣದಲ್ಲಿ ಎರಡು ಚೀಲ ಗೊಬ್ಬರವೂ ಬರುತ್ತಿರಲಿಲ್ಲ.

2022ರ ಜುಲೈ. ಆಷಾಢದ ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಆ ಬಿಡುವಿನಲ್ಲಿ ಅಡಿಕೆಗೆ ಎರಡನೆಯ ಔಷಧಿ ಮುಗಿಸಬೇಕೆಂದು ನಮ್ಮ ಕೊನೆಗೌಡ ಬೆಳಗಿನಿಂದ ಮರ ಹತ್ತುತ್ತಿದ್ದ. ಮಧ್ಯಾಹ್ನದ ನಂತರ ಮತ್ತೆ ಹನಿ ಬಿದ್ದು, ಪಾಚಿ ಹಿಡಿದ ಮರದಿಂದ ಜಾರಿ ಬಿದ್ದ. ತೊಡೆಯ ಮೂಳೆ ಮುರಿದಿತ್ತು. 108 ಸೇವೆ ನಮ್ಮ ರಾಜ್ಯದಲ್ಲಿ 2008ರಿಂದ ಇದೆ, ಅದರಿಂದ ಬದುಕಿದವರು ನಮ್ಮ ಸುತ್ತಲೇ ಇದ್ದಾರೆ. ಆದರೆ ಕರೆಂಟು ಹೋಗಿ ಎರಡು ದಿನವಾಗಿತ್ತು, ಟವರು ಸತ್ತಿತ್ತು, ಫೋನು ಹೋಗಲಿಲ್ಲ. ಹಲಗೆಯ ಮೇಲೆ ಅವನನ್ನು ಮಲಗಿಸಿ, ಕಾರಿನ ಹಿಂದಿನ ಸೀಟು ಮಡಚಿ, ಆಸ್ಪತ್ರೆಗೆ ಹೊರಟೆವು.

ಹತ್ತು ಕಿಲೋಮೀಟರ್ ಹೋಗಿರಬಹುದು. ಏರಿನಲ್ಲಿ ಮುಂದಿನಿಂದ ಒಂದು ಪಟಾರೆಂಬ ಶಬ್ದ, ಇಂಜಿನ್ ನಿಂತುಹೋಯಿತು. ಸ್ಟಾರ್ಟರ್ ಒತ್ತಿದರೆ ಎಂದಿಗಿಂತಲೂ ಹಗುರವಾಗಿ ಗಿರ್ರನೆ ತಿರುಗುತ್ತಿತ್ತೇ ಹೊರತು ಇಂಜಿನ್ ಹಿಡಿಯಲಿಲ್ಲ. ಟೈಮಿಂಗ್ ಬೆಲ್ಟು ಹರಿದಾಗ ಹೀಗಾಗುತ್ತದೆಂದು ನಮಗೆ ಆಮೇಲೆ ಗೊತ್ತಾಯಿತು. ಕಾಡಿನ ರಸ್ತೆ, ಸುರಿಯುವ ಮಳೆ. ಒಂದು ಗಂಟೆ ನಲವತ್ತು ನಿಮಿಷ ಕಳೆದ ಮೇಲೆ ಪೇಟೆಗೆ ಹಿಂದಿರುಗುತ್ತಿದ್ದ ಒಂದು ಪಿಕಪ್ ಗಾಡಿ ಬಂತು. ಅದರ ಹಿಂಭಾಗದಲ್ಲಿ ಟಾರ್ಪಾಲಿನ ಕೆಳಗೆ ಅವನನ್ನು ಸಾಗಿಸಿದೆವು.

ಅವನು ಬದುಕಿದ್ದಾನೆ. ಕಾಲು ಕೂಡಿದೆ, ಸ್ವಲ್ಪ ಕುಂಟು ಉಳಿದಿದೆ. ಮರ ಹತ್ತುವುದಿಲ್ಲ, ಕಣದಲ್ಲಿ ಅಡಿಕೆ ಆರಿಸುವ ಕೆಲಸ ನೋಡಿಕೊಳ್ಳುತ್ತಾನೆ. ತಡವಾದ್ದರಿಂದಲೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ. ನಾವೂ ಹೇಳುವುದಿಲ್ಲ. ಆದರೆ ಆ ಒಂದು ಗಂಟೆ ನಲವತ್ತು ನಿಮಿಷ ಅವನು ಪಟ್ಟ ನೋವನ್ನು ನಾವು ಪಕ್ಕದಲ್ಲಿ ಕುಳಿತು ಕೇಳಿದ್ದೇವೆ. ಆಸ್ಪತ್ರೆಯಲ್ಲಿ ಮೂರನೆಯ ದಿನ ಅವನು, “ಅಯ್ಯಾ, ಗಾಡಿಗೆ ಏನಾಗಿತ್ತು?” ಎಂದು ಕೇಳಿದ. “ಪಂಪು ಹೋಗಿತ್ತು ಕಣೋ” ಎಂದೆವು. “ಮೊದ್ಲೇ ಗೊತ್ತಾಗ್ಲಿಲ್ವಾ?” ಎಂದ. ಮೊದಲೇ ಗೊತ್ತಿತ್ತು ಎಂದು ಹೇಳುವ ಧೈರ್ಯ ನಮಗೆ ಬರಲಿಲ್ಲ. ಇಲ್ಲಿ ಹೇಳುತ್ತಿದ್ದೇವೆ.

ಗ್ಯಾರೇಜಿನಲ್ಲಿ ಬಿಚ್ಚಿದಾಗ ಕಂಡದ್ದು ಇಷ್ಟು: ಪಂಪಿನ ಬೇರಿಂಗ್ ಸವೆದು ಅದರ ಗಾಲಿ ವಾಲಿತ್ತು. ಸೀಲು ಹೋಗಿ ನೀರು ಸೋರಿ ಬೆಲ್ಟಿನ ಮೇಲೆ ಬಿದ್ದಿತ್ತು. ಕಡೆಗೆ ಬೇರಿಂಗ್ ಬಿಗಿದು ಪಂಪು ನಿಂತಾಗ ಬೆಲ್ಟು ಹರಿಯಿತು. ಐದು ವರ್ಷದ ಹಿಂದೆ ಹಾಕಿದ ಬೆಲ್ಟಿನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಒಳಗೆ ವಾಲ್ವುಗಳು ಬಗ್ಗಿದ್ದವು. ಇಂಜಿನ್ನಿನ ತಲೆ ಬಿಚ್ಚಿ, ವಾಲ್ವು ಬದಲಿಸಿ, ಮತ್ತೆ ಜೋಡಿಸುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನ ಹಿಡಿಯಿತು. 2017ರಲ್ಲಿ ಬೆಲ್ಟು ಪಂಪು ಎರಡನ್ನೂ ಹಾಕಿಸಿದ್ದರೆ ಆಗುತ್ತಿದ್ದ ಖರ್ಚಿನ ಆರು ಪಾಲು ತೆತ್ತೆವು. ಸೋರುತ್ತಿದ್ದ ಸೂಚನೆಯೂ ಇತ್ತು: ಜೂನ್ ತಿಂಗಳಿಡೀ ವಾರಕ್ಕೊಮ್ಮೆ ಅರ್ಧ ಲೀಟರ್ ನೀರು ತುಂಬಿಸುತ್ತಿದ್ದೆವು. “ಹಳೇ ಗಾಡಿ, ಸ್ವಲ್ಪ ನೀರು ಕುಡಿಯುತ್ತೆ” ಎಂದು ಸಮಾಧಾನ ಮಾಡಿಕೊಂಡಿದ್ದೆವು. ಇಂಜಿನ್ ನೀರು ಕುಡಿಯುವುದಿಲ್ಲ. ಕಡಿಮೆಯಾದ ನೀರು ಎಲ್ಲೋ ಹೋಗುತ್ತಿರಲೇಬೇಕು.

ಈ ಬೆಲ್ಟು ಮಾಡುವ ಕೆಲಸ

ಇಂಜಿನ್ನಿನ ಕೆಳಗಿನ ದಂಡವನ್ನು ಕ್ರ್ಯಾಂಕ್‌ಶಾಫ್ಟ್ ಎನ್ನುತ್ತಾರೆ. ಪಿಸ್ಟನ್ನುಗಳು ಅದನ್ನು ತಿರುಗಿಸುತ್ತವೆ. ಮೇಲಿನ ದಂಡ ಕ್ಯಾಮ್‌ಶಾಫ್ಟ್. ಅದು ವಾಲ್ವುಗಳನ್ನು ತೆರೆಯುತ್ತದೆ. ಕೆಳಗಿನದು ಎರಡು ಸುತ್ತು ತಿರುಗಿದರೆ ಮೇಲಿನದು ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ತಾಳ ತಪ್ಪದಂತೆ ಎರಡನ್ನೂ ಬಿಗಿದಿರುವ ಹಲ್ಲಿನ ರಬ್ಬರ್ ಪಟ್ಟಿಯೇ ಟೈಮಿಂಗ್ ಬೆಲ್ಟ್. ಅದರೊಳಗೆ ಗಾಜಿನ ನಾರಿನ ಎಳೆಗಳಿರುತ್ತವೆ. ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವೂ ನಿಮಿಷಕ್ಕೆ 1,500 ಸಲ, ಅಂದರೆ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಬೆಲ್ಟು ಹರಿದರೆ ಮೇಲಿನ ದಂಡ ನಿಲ್ಲುತ್ತದೆ, ಕೆಳಗಿನದು ಓಟದ ರಭಸದಲ್ಲಿ ಇನ್ನೂ ತಿರುಗುತ್ತಿರುತ್ತದೆ. ಕೆಲವು ಇಂಜಿನ್ನುಗಳಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ಸಾಕಷ್ಟು ಅಂತರವಿದ್ದು, ಗಾಡಿ ನಿಲ್ಲುವುದಷ್ಟೇ ನಷ್ಟ. ಇನ್ನು ಕೆಲವದರಲ್ಲಿ ತೆರೆದ ವಾಲ್ವಿಗೆ ಪಿಸ್ಟನ್ ಬಂದು ಬಡಿಯುತ್ತದೆ. ನಮ್ಮದು ಎರಡನೆಯ ಜಾತಿ. ನಿಮ್ಮದು ಯಾವುದೆಂದು ನಿಮ್ಮ ಗಾಡಿಯನ್ನು ಬಲ್ಲ ಮೆಕ್ಯಾನಿಕ್ಕನ್ನು ಕೇಳಿ ತಿಳಿದುಕೊಳ್ಳಿ.

ಹಿಂದೆ ಈ ಕೆಲಸವನ್ನು ಉಕ್ಕಿನ ಚೈನು ಅಥವಾ ಹಲ್ಲಿನ ಗಾಲಿಗಳು ಮಾಡುತ್ತಿದ್ದವು. ನಮ್ಮ ತಂದೆಯವರ ಕಾಲದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಗಾಡಿಗಳಲ್ಲಿ ಚೈನಿತ್ತು. 1962ರಲ್ಲಿ ಪಶ್ಚಿಮ ಜರ್ಮನಿಯ ಗ್ಲಾಸ್ ಎಂಬ ಕಂಪನಿ ತನ್ನ 1004 ಕಾರಿನಲ್ಲಿ ಹಲ್ಲಿನ ರಬ್ಬರ್ ಬೆಲ್ಟನ್ನು ಮೊದಲಿಗೆ ಬಳಸಿತು. ಹಗುರ, ಶಬ್ದವಿಲ್ಲ, ಎಣ್ಣೆ ಬೇಡ, ಬೆಲೆ ಕಡಿಮೆ. ಹೀಗಾಗಿ ಎಲ್ಲೆಡೆ ಹರಡಿತು. ನಮ್ಮ ದೇಶದಲ್ಲಿ 1983ರ ಕೊನೆಗೆ ರಸ್ತೆಗಿಳಿದ ಮಾರುತಿ 800, ಅದರ ಹಿಂದೆಯೇ ಬಂದ ಓಮ್ನಿ, ಜಿಪ್ಸಿ ಗಾಡಿಗಳೊಡನೆ ಇದು ಮಲೆನಾಡಿನ ಮನೆಯಂಗಳಕ್ಕೂ ಬಂತು. ಚೈನು ಸವೆದರೆ ಬಹುಮಟ್ಟಿಗೆ ಗಲಗಲ ಸದ್ದು ಮಾಡಿ ಹೇಳುತ್ತದೆ. ಬೆಲ್ಟು ಸದ್ದು ಮಾಡುವುದಿಲ್ಲ. ಮುಚ್ಚಳದೊಳಗೆ ಕುಳಿತಿರುವುದರಿಂದ ಕಣ್ಣಿಗೂ ಬೀಳುವುದಿಲ್ಲ. ನಿನ್ನೆಯವರೆಗೆ ಚೆನ್ನಾಗಿ ಓಡಿದ ಗಾಡಿ ಇಂದು ಒಮ್ಮೆಗೇ ನಿಲ್ಲುವುದು ಇದರಿಂದಲೇ.

ಪಂಪನ್ನು ಜೊತೆಗೇ ಏಕೆ ಬದಲಿಸಬೇಕು?

ವಾಟರ್ ಪಂಪಿನ ಕೆಲಸ ಸರಳ. ಇಂಜಿನ್ನಿನ ಬಿಸಿ ನೀರನ್ನು ರೇಡಿಯೇಟರಿಗೆ ತಳ್ಳಿ, ತಣಿದ ನೀರನ್ನು ಮರಳಿ ತರುವುದು. ಒಳಗೆ ರೆಕ್ಕೆಗಳ ಗಾಲಿ, ನಡುವೆ ಒಂದು ಸೀಲು, ಹೊರಗೆ ಬೇರಿಂಗ್. ಸೀಲು ಹೋದಾಗ ನೀರು ಹೊರಬರಲೆಂದು ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ರಂಧ್ರ ಬಿಟ್ಟಿರುತ್ತಾರೆ. ಅಲ್ಲಿ ಬಿಳಿಯ ಅಥವಾ ಕೂಲೆಂಟಿನ ಬಣ್ಣದ ಕಲೆ ಕಂಡರೆ ಪಂಪಿನ ಆಯುಷ್ಯ ಮುಗಿಯುತ್ತ ಬಂದಿದೆಯೆಂದೇ ತಿಳಿಯಬೇಕು.

ಕೆಲವು ಇಂಜಿನ್ನುಗಳಲ್ಲಿ ಪಂಪನ್ನು ಟೈಮಿಂಗ್ ಬೆಲ್ಟೇ ತಿರುಗಿಸುತ್ತದೆ. ಅಂಥ ಗಾಡಿಯಲ್ಲಿ ಪಂಪು ಬಿಗಿದರೆ ಬೆಲ್ಟು ಉಳಿಯುವುದಿಲ್ಲ. ನಮಗೆ ಆದದ್ದು ಅದೇ. ಇನ್ನು ಕೆಲವದರಲ್ಲಿ ಪಂಪು ತಿರುಗುವುದು ಹೊರಗಿನ ಫ್ಯಾನ್ ಬೆಲ್ಟಿನಿಂದ. ನಮ್ಮ ಅನೇಕ ಸದಸ್ಯರಲ್ಲಿರುವ ಜಿಪ್ಸಿಯ 1.3 ಲೀಟರ್ ಇಂಜಿನ್ ಈ ಜಾತಿಯದು. ಆದರೆ ಅದರಲ್ಲೂ ಪಂಪನ್ನು ಹೊರತೆಗೆಯಬೇಕಾದರೆ ಕ್ರ್ಯಾಂಕಿನ ಗಾಲಿ, ಮುಚ್ಚಳ, ಟೈಮಿಂಗ್ ಬೆಲ್ಟು, ಟೆನ್ಷನರ್ ಎಲ್ಲವನ್ನೂ ಬಿಚ್ಚಲೇಬೇಕು. ಅಂದರೆ ಬೆಲ್ಟು ಹಾಕಿಸಿದ ಮಾರನೆಯ ವರ್ಷ ಪಂಪು ಸೋರಿದರೆ ಅದೇ ಕೂಲಿಯನ್ನು ಎರಡನೆಯ ಸಲ ಕೊಡಬೇಕು. ಈ ಕೆಲಸದಲ್ಲಿ ಸಾಮಾನಿನ ಬೆಲೆಗಿಂತ ಬಿಚ್ಚಿ ಜೋಡಿಸುವ ಶ್ರಮವೇ ದೊಡ್ಡದು. ಬಾವಿ ತೋಡಿ ನೀರು ಕಂಡ ಮೇಲೆ ಕಲ್ಲು ಕಟ್ಟುವುದನ್ನು ಮುಂದಿನ ವರ್ಷಕ್ಕೆ ಬಿಡುವವರುಂಟೇ?

“ಚೆನ್ನಾಗಿರುವ ಪಂಪನ್ನು ಎಸೆಯುವುದು ದುಂದಲ್ಲವೇ?” ಎಂಬ ಪ್ರಶ್ನೆ ನ್ಯಾಯವಾದದ್ದೇ, ನಾವೂ ಅದನ್ನೇ ಕೇಳಿದ್ದೆವು. ಉತ್ತರ ಇಷ್ಟು: ಪಂಪು ಇಂದು ಚೆನ್ನಾಗಿದೆಯೇ ಎಂದು ಕೇಳಿದರೆ ಸಾಲದು, ಮುಂದಿನ ಬೆಲ್ಟು ಬದಲಿಸುವವರೆಗೆ ಚೆನ್ನಾಗಿರುತ್ತದೆಯೇ ಎಂದು ಕೇಳಬೇಕು. ಹದಿಮೂರು ವರ್ಷದ ಪಂಪು ಇನ್ನೂ ಐದು ವರ್ಷ ಬಾಳುವುದೆಂದು ಯಾರೂ ಹೇಳಲಾರರು. ಎರಡು ಮೂರು ವರ್ಷದ ಹಿಂದೆಯಷ್ಟೇ ಹಾಕಿಸಿದ, ಕಲೆ ಅಲುಗಾಟ ಇಲ್ಲದ ಪಂಪಾದರೆ ಬಿಡಬಹುದು. ಹಾಕಿಸಿದ ದಿನಾಂಕವೇ ಗೊತ್ತಿಲ್ಲದ ಪಂಪನ್ನು ಬಿಡಬಾರದು.

ಕಿಲೋಮೀಟರ್ ನೋಡಿ ಮೋಸಹೋಗಬೇಡಿ

ನಮ್ಮಂಥ ತೋಟದವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಬೆಲ್ಟು ಬದಲಿಸುವ ಅವಧಿಯನ್ನು ಕಂಪನಿಗಳು ಎರಡು ರೀತಿಯಲ್ಲಿ ಹೇಳುತ್ತವೆ: ಇಷ್ಟು ಕಿಲೋಮೀಟರ್, ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರ್, ವರ್ಷದ ಲೆಕ್ಕದಲ್ಲಿ ನಾಲ್ಕೈದು ವರ್ಷ ಎಂದಿರುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದಿರುವುದೇ ಪ್ರಮಾಣ. ಪಟ್ಟಣದ ಟ್ಯಾಕ್ಸಿಗೆ ಕಿಲೋಮೀಟರ್ ಮೊದಲು ಬರುತ್ತದೆ. ನಮಗೆ ವರ್ಷ ಮೊದಲು ಬರುತ್ತದೆ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಓಡುವ ಗಾಡಿ ವರ್ಷಕ್ಕೆ 5,000 ಕಿಲೋಮೀಟರ್ ಓಡಿದರೆ 60,000 ಆಗಲು ಹನ್ನೆರಡು ವರ್ಷ ಬೇಕು. ಅಷ್ಟರಲ್ಲಿ ರಬ್ಬರು ಮುದಿಯಾಗಿರುತ್ತದೆ. “ನಮ್ಮ ಗಾಡಿ ಓಡೇ ಇಲ್ಲ” ಎಂದು ಹೆಮ್ಮೆಪಡುವವರ ಬೆಲ್ಟೇ ಹೆಚ್ಚು ಅನುಮಾನಕ್ಕೆ ಯೋಗ್ಯ.

ಇದಕ್ಕೆ ನಮ್ಮ ಸೀಮೆಯ ಬೇರೆ ಕಾರಣಗಳೂ ಸೇರುತ್ತವೆ. ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ಗಾಡಿಯೊಳಗೆ ಇಲಿ ಸೇರುತ್ತದೆ. ಮುಚ್ಚಳ ಒಡೆದಿದ್ದರೆ ಮಣ್ಣು, ಎಲೆ, ಹಳ್ಳ ದಾಟುವಾಗಿನ ನೀರು ಒಳಗೆ ಹೋಗುತ್ತವೆ. ಹಳೆಯ ಇಂಜಿನ್ನಿನ ಮುಂಭಾಗದ ಆಯಿಲ್ ಸೀಲು ಸೋರಿದರೆ ಎಣ್ಣೆ ಬೆಲ್ಟಿಗೆ ತಗಲಿ ರಬ್ಬರನ್ನು ಮೆತ್ತಗಾಗಿಸುತ್ತದೆ. ಹದಿನೈದು ವರ್ಷ ಮೀರಿದ ಕಾರಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣವಾಗುವಾಗ ದೀಪ, ಬ್ರೇಕು, ಹೊಗೆ ನೋಡುತ್ತಾರೆ. ಬೆಲ್ಟಿನ ಮುಚ್ಚಳವನ್ನು ಅಲ್ಲಿ ಯಾರೂ ತೆಗೆಯುವುದಿಲ್ಲ. ಕಾಗದ ಸರಿಯಿದೆಯೆಂದರೆ ಬೆಲ್ಟು ಸರಿಯಿದೆಯೆಂದಲ್ಲ.

ಕೆಲಸ ಮಾಡಿಸುವಾಗ

ಈ ಕೆಲಸವನ್ನು ಮನೆಯಂಗಳದಲ್ಲಿ ನೀವೇ ಮಾಡಿರೆಂದು ನಾವು ಹೇಳುವುದಿಲ್ಲ. ಆದರೆ ಪಕ್ಕದಲ್ಲಿ ನಿಂತು ನೋಡುವವನಿಗೆ ಏನು ನೋಡಬೇಕೆಂದು ತಿಳಿದಿರಬೇಕು.

ಮೊದಲನೆಯದು, ಸಾಮಾನು. ಬೆಲ್ಟು, ಟೆನ್ಷನರ್ ಬೇರಿಂಗ್, ಗ್ಯಾಸ್ಕೆಟ್ ಸಮೇತ ವಾಟರ್ ಪಂಪ್, ಕ್ರ್ಯಾಂಕ್ ಮತ್ತು ಕ್ಯಾಮ್ ದಂಡಗಳ ಮುಂದಿನ ಆಯಿಲ್ ಸೀಲುಗಳು, ಹೊರಗಿನ ಫ್ಯಾನ್ ಬೆಲ್ಟು, ಹೊಸ ಕೂಲೆಂಟ್. ಇವೆಲ್ಲ ಒಟ್ಟಿಗೆ ಆಗಬೇಕು. ಬೆಲ್ಟನ್ನು ಮುಚ್ಚಿದ ಪೆಟ್ಟಿಗೆಯಲ್ಲಿ, ಬಿಲ್ಲಿನೊಂದಿಗೆ ಕೊಳ್ಳಿ. ಅಂಗಡಿಯ ಮೊಳೆಗೆ ಎಷ್ಟೋ ವರ್ಷದಿಂದ ತೂಗುಬಿದ್ದ ಬೆಲ್ಟು ಓಡದಿದ್ದರೂ ಹಳೆಯದೇ. ಅದನ್ನು ಮಡಚಬಾರದು, ತಿರುಚಬಾರದು, ಎಣ್ಣೆಯ ಕೈಯಲ್ಲಿ ಮುಟ್ಟಬಾರದು; ಒಳಗಿನ ಗಾಜಿನ ಎಳೆ ಮುರಿದರೆ ಹೊರಗೆ ಕಾಣುವುದಿಲ್ಲ.

ಎರಡನೆಯದು, ಗುರುತು. ಹಳೆಯ ಬೆಲ್ಟು ತೆಗೆಯುವ ಮೊದಲು ಮೇಲಿನ ಗಾಲಿಯ ಗುರುತು, ಕೆಳಗಿನ ಗಾಲಿಯ ಗುರುತು ಇಂಜಿನ್ನಿನ ಮೇಲಿನ ಗುರುತುಗಳಿಗೆ ಕೂಡಿಸಿಕೊಳ್ಳಬೇಕು. ಒಂದು ಹಲ್ಲು ತಪ್ಪಿದರೂ ಇಂಜಿನ್ ಸರಿಯಾಗಿ ಎಳೆಯುವುದಿಲ್ಲ. ಹೊಸದನ್ನು ಹಾಕಿ ಬಿಗಿ ಮಾಡಿದ ಮೇಲೆ ಸ್ಟಾರ್ಟ್ ಮಾಡುವ ಮುನ್ನ ಪಾನಾ ಹಾಕಿ ಕೆಳಗಿನ ದಂಡವನ್ನು ಕೈಯಿಂದಲೇ ಪೂರ್ತಿ ಎರಡು ಸುತ್ತು, ಇಂಜಿನ್ ತಿರುಗುವ ದಿಕ್ಕಿನಲ್ಲಿಯೇ, ನಿಧಾನವಾಗಿ ತಿರುಗಿಸಬೇಕು. ಗುರುತುಗಳು ಮತ್ತೆ ಕೂಡಿದರೆ ಸರಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಕೂಡದು. ಪಿಸ್ಟನ್ ವಾಲ್ವಿಗೆ ತಾಗುತ್ತಿದೆಯೆಂದು ಅರ್ಥ. ಹೆಚ್ಚೆಂದರೆ ಐದು ನಿಮಿಷದ ಈ ಪರೀಕ್ಷೆಯನ್ನು ಮಾಡುವ ಮೆಕ್ಯಾನಿಕ್ ನಂಬಿಕೆಗೆ ಯೋಗ್ಯ.

ಮೂರನೆಯದು, ನೀರು. “ನಮ್ಮೂರಲ್ಲಿ ಹಿಮ ಬೀಳುತ್ತದೆಯೇ, ಕೂಲೆಂಟ್ ಯಾಕೆ?” ಎಂದು ಹಳ್ಳದ ನೀರು ತುಂಬುವವರಿದ್ದಾರೆ. ಕೂಲೆಂಟ್ ಹಿಮಕ್ಕಾಗಿ ಮಾತ್ರವಲ್ಲ. ಅದು ತುಕ್ಕು ತಡೆಯುತ್ತದೆ, ನೀರು ಕುದಿಯುವ ಬಿಸಿಯನ್ನು ಮೇಲಕ್ಕೇರಿಸುತ್ತದೆ. ತುಕ್ಕು, ಹೂಳು ಸೇರಿದ ನೀರು ಪಂಪಿನ ಸೀಲನ್ನೂ ರೆಕ್ಕೆಗಳನ್ನೂ ತಿನ್ನುತ್ತದೆ. ಡಿಸ್ಟಿಲ್ಡ್ ವಾಟರಿನೊಂದಿಗೆ ಕಂಪನಿ ಹೇಳಿದ ಪ್ರಮಾಣದಲ್ಲಿ ಬೆರೆಸಿ ತುಂಬಿ, ಗಾಳಿ ಪೂರ್ತಿ ಹೊರಹೋಗುವವರೆಗೆ ಇಂಜಿನ್ ಓಡಿಸಿ ಮಟ್ಟ ನೋಡಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಒಂದು ಎಚ್ಚರಿಕೆ: ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ಇಳಿಸಿದ ಹಳೆಯ ಕೂಲೆಂಟನ್ನು ಬೋಗುಣಿಯಲ್ಲಿ ಅಂಗಳದಲ್ಲಿ ಬಿಟ್ಟರೆ ನಾಯಿ, ಕರು ಕುಡಿದು ಸಾಯಬಹುದು. ಮಕ್ಕಳಿರುವ ಮನೆಯಲ್ಲಿ ಇನ್ನೂ ಜಾಗರೂಕರಾಗಿರಬೇಕು.

ಕಡೆಯದಾಗಿ, ತೆಗೆದ ಹಳೆಯ ಬೆಲ್ಟು, ಪಂಪನ್ನು ಕೇಳಿ ತನ್ನಿ. ಸಂಶಯದಿಂದಲ್ಲ, ಕೈಯಲ್ಲಿ ಹಿಡಿದು ನೋಡಿದರೆ ನಾವು ಕಲಿಯುವುದಿದೆ. ಬದಲಿಸಿದ ದಿನಾಂಕವನ್ನೂ ಕಿಲೋಮೀಟರನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿ.

ಬೋರ್ಡೋ ಕಲಿಸಿದ ಪಾಠ

ಅಡಿಕೆ ಬೆಳೆಗಾರನಿಗೆ ಈ ತತ್ತ್ವ ಹೊಸದಲ್ಲ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿಂದ ಮುಂದೆ ನಮ್ಮ ಹಿರಿಯರು ಕೊನೆಗೆ ಕೊಟ್ಟೆ ಕಟ್ಟುವುದರಿಂದ ಬೋರ್ಡೋ ದ್ರಾವಣದ ಕಡೆಗೆ ಬಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, 40ರಿಂದ 45 ದಿನದ ಮೇಲೆ ಇನ್ನೊಂದು ಸಲ. ಮರದಲ್ಲಿ ಒಂದು ಕಾಯಿಯೂ ಕೊಳೆಯದಿರುವಾಗ ಔಷಧಿ ಹೊಡೆಯುತ್ತೇವೆ. “ಕಾಯಿ ಚೆನ್ನಾಗಿದೆಯಲ್ಲ, ಉದುರಿದ ಮೇಲೆ ನೋಡೋಣ” ಎನ್ನುವವನನ್ನು ಊರು ಬೆಳೆಗಾರನೆಂದು ಕರೆಯುವುದಿಲ್ಲ.

ಕೊನೆಗೌಡ ಬಿದ್ದ ದಿನ ನಾವು ತೋಟದಲ್ಲಿ ಮಾಡಿಸುತ್ತಿದ್ದದ್ದೂ ಇದನ್ನೇ. ಅಡಿಕೆಗೆ ದಿನ ಎಣಿಸಿ ಎರಡನೆಯ ಔಷಧಿ ಹೊಡೆಸುತ್ತಿದ್ದ ನಾವು, ಅದೇ ಮನೆಯ ಅಂಗಳದಲ್ಲಿ ನಿಂತ ಕಾರಿಗೆ ದಿನ ಎಣಿಸಿರಲಿಲ್ಲ. ಕಾಯಿ ಹೋದರೆ ನಮ್ಮ ಗಂಟು ಹೋಗುತ್ತದೆ, ಆದ್ದರಿಂದ ಎಚ್ಚರ. ಪಂಪಿನಲ್ಲಿ ಉಳಿಸಿದ್ದು ನಾವು, ಅದರ ನೋವು ತಿಂದದ್ದು ಇನ್ನೊಬ್ಬ. ಉಳಿತಾಯ ಸದ್ಗುಣವೇ. ಆದರೆ ಅದರ ನಷ್ಟ ಯಾರ ಮೇಲೆ ಬೀಳುತ್ತದೆಂದು ಕೇಳಿಕೊಳ್ಳದೆ ಮಾಡಿದ ಉಳಿತಾಯ ಸದ್ಗುಣವಲ್ಲ. ಈ ಇಡೀ ಬರಹದಲ್ಲಿ ನಾವು ಹೇಳಬೇಕೆಂದಿರುವುದು ಇದೊಂದೇ.

ಆಕ್ಷೇಪಗಳು, ಸಲಹೆಗಳು

“ಇಷ್ಟೆಲ್ಲ ಖರ್ಚು ಮಾಡುವ ಬದಲು ಹಳೆಯ ಗಾಡಿ ಮಾರಿ ಹೊಸದು ಕೊಳ್ಳಬಾರದೇ?” ಎನ್ನುವವರಿದ್ದಾರೆ. ಕೊಳ್ಳಬಲ್ಲವರು ಕೊಳ್ಳಲಿ. ಆದರೆ ಎರಡು ಮೂರು ಎಕರೆಯವನು ಐದು ವರ್ಷದ ಕಂತಿಗೆ ಕೊರಳು ಕೊಡುವುದಕ್ಕಿಂತ, ಬ್ರೇಕು ಮತ್ತು ಚಾಸಿ ಗಟ್ಟಿಯಿರುವ ಹಳೆಯ ಗಾಡಿಗೆ ಐದು ವರ್ಷಕ್ಕೊಮ್ಮೆ ಬೆಲ್ಟು ಪಂಪು ಹಾಕಿಸುವುದು ಎಷ್ಟೋ ಲೇಸು. ನಾವು ಹಳೆಯ ಗಾಡಿಯ ವಿರೋಧಿಗಳಲ್ಲ. ನಮ್ಮ ಅದೇ ಕಾರು ಈಗಲೂ ಓಡುತ್ತಿದೆ. ಹಳೆಯದನ್ನು ಇಟ್ಟುಕೊಳ್ಳುವವನಿಗೆ ಅದರ ಲೆಕ್ಕ ಇಡುವ ಜವಾಬ್ದಾರಿಯೂ ಇದೆ ಎಂಬುದಷ್ಟೇ ನಮ್ಮ ಮಾತು.

“ಓಡುವುದನ್ನು ಮುಟ್ಟಬೇಡಿ, ಮುಟ್ಟಿದರೆ ಕೆಡುತ್ತದೆ” ಎನ್ನುವ ಮೆಕ್ಯಾನಿಕ್ಕುಗಳೂ ಇದ್ದಾರೆ. ಅನೇಕ ವಿಷಯಗಳಲ್ಲಿ ಅದು ಸರಿಯಾದ ಮಾತು. ಸದ್ದು ಮಾಡಿ, ಹೊಗೆ ಬಿಟ್ಟು, ಬಿಸಿಯಾಗಿ ಮೊದಲೇ ಹೇಳುವ ಭಾಗಗಳನ್ನು ಅವು ಹೇಳಿದ ಮೇಲೆ ನೋಡಬಹುದು. ಹೇಳದೆ ಹೋಗುವ ಭಾಗವನ್ನು ದಿನಾಂಕ ನೋಡಿಯೇ ಬದಲಿಸಬೇಕು.

ಸಂಘದ ಮಟ್ಟದಲ್ಲಿ ಮೂರು ಸಲಹೆಗಳನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದಿಡಲು ಇಚ್ಛಿಸುತ್ತೇವೆ.

ಒಂದು, ಸಂಘದ ಕಚೇರಿಯಲ್ಲಿ ಒಂದು ವಾಹನ ರಿಜಿಸ್ಟರ್. ಇಚ್ಛೆಯುಳ್ಳ ಸದಸ್ಯರು ತಮ್ಮ ಗಾಡಿಯ ವರ್ಷ, ಅದರಲ್ಲಿರುವುದು ಬೆಲ್ಟೋ ಚೈನೋ, ಕಡೆಯ ಸಲ ಬದಲಿಸಿದ ದಿನಾಂಕ ಬರೆಸಿದರೆ, ಅವಧಿ ಹತ್ತಿರ ಬಂದಾಗ ಗೊಬ್ಬರದ ಬಿಲ್ಲಿನ ಜೊತೆಗೆ ಒಂದು ನೆನಪಿನ ಚೀಟಿ ಕೊಡುತ್ತೇವೆ. ದಿನಾಂಕ ಗೊತ್ತಿಲ್ಲದವರು “ಗೊತ್ತಿಲ್ಲ” ಎಂದೇ ಬರೆಸಲಿ. ಅಂಥವರು ಈ ಬೇಸಿಗೆಯಲ್ಲೇ ಬದಲಿಸಬೇಕಾದವರು.

ಎರಡು, ಸಾಮಾನನ್ನು ಒಟ್ಟಾಗಿ ತರಿಸುವುದು. ಮೈಲುತುತ್ತನ್ನು ಒಟ್ಟಿಗೆ ತರಿಸಿ ಹಂಚುವ ಸಂಘಕ್ಕೆ, ಒಂದೇ ಜಾತಿಯ ಗಾಡಿಯಿರುವ ಹತ್ತು ಸದಸ್ಯರ ಬೇಡಿಕೆ ಸೇರಿಸಿ ಬಿಲ್ಲಿನೊಂದಿಗೆ ಬೆಲ್ಟು ಪಂಪು ತರಿಸುವುದು ಕಷ್ಟವಲ್ಲ. ಬೆಲೆಯೂ ಇಳಿಯಬಹುದು, ನಕಲಿ ಮಾಲಿನ ಭಯವೂ ತಪ್ಪುತ್ತದೆ.

ಮೂರು, ಪ್ರತಿವರ್ಷ ಏಪ್ರಿಲ್‌ನಲ್ಲಿ, ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವ ಮುನ್ನ, ಸಂಘದ ಅಂಗಳದಲ್ಲಿ ಒಂದು ದಿನ ವಾಹನ ತಪಾಸಣೆ. ಪೇಟೆಯ ಇಬ್ಬರು ಮೆಕ್ಯಾನಿಕ್ಕುಗಳು ಬಂದು ಬೆಲ್ಟಿನ ಮುಚ್ಚಳ ಸರಿಸಿ, ಪಂಪಿನ ರಂಧ್ರ ನೋಡಿ, ಕೂಲೆಂಟ್ ಮಟ್ಟ ನೋಡಿ ಹೇಳಲಿ. ಇವರ ಆ ದಿನದ ಸಂಬಳವನ್ನು ಸಂಘ ಕೊಡಬೇಕೇ, ಸದಸ್ಯರು ಹಂಚಿಕೊಳ್ಳಬೇಕೇ ಎಂಬುದನ್ನು ಸಭೆಯೇ ತೀರ್ಮಾನಿಸಲಿ. ಜೊತೆಗೆ ಪ್ರತಿ ಹಳ್ಳಿಯಲ್ಲಿ ರಾತ್ರಿ ಹೊತ್ತು ಕರೆದರೆ ಹೊರಡಬಲ್ಲ ಗಾಡಿಗಳು ಯಾವುವೆಂದು ಒಂದು ಪಟ್ಟಿ ಮಾಡಿ ಎಲ್ಲರ ಮನೆಗೂ, ಲೈನ್ ಮನೆಗಳಿಗೂ ಕೊಡಬೇಕೆಂಬುದು ನಮ್ಮ ಆಸೆ. ಲೈನಿನಲ್ಲಿರುವವರ ಬಳಿ ಗಾಡಿಯಿಲ್ಲ. ಅವರ ಕಷ್ಟಕ್ಕೆ ನಮ್ಮ ಗಾಡಿಯೇ ಗತಿ.

ಇದು ಸಂಘದ ಕೆಲಸವಲ್ಲ ಎನ್ನುವ ಹಿರಿಯರಿಗೆ ನಮ್ಮ ವಿನಯಪೂರ್ವಕ ಉತ್ತರ: ಒಬ್ಬೊಬ್ಬನೇ ಮಾಡಿದರೆ ಮರೆತುಹೋಗುವ ಕೆಲಸವನ್ನು ಎಲ್ಲರೂ ಸೇರಿ ನೆನಪಿಟ್ಟುಕೊಳ್ಳುವುದಕ್ಕೇ ಸಹಕಾರ ಎನ್ನುವುದು.

2017ರಲ್ಲಿ ನಮಗೆ ಸರಿಯಾದ ಸಲಹೆ ಕೊಟ್ಟ ಆ ಮೆಕ್ಯಾನಿಕ್ಕೇ 2022ರಲ್ಲಿ ಇಂಜಿನ್ನನ್ನೂ ಬಿಚ್ಚಿದರು. ‘ನಾನು ಹೇಳಿರಲಿಲ್ಲವೇ’ ಎಂದು ಅವರು ಒಂದು ಮಾತೂ ಆಡಲಿಲ್ಲ. ಹೊಸ ಬೆಲ್ಟಿನ ಜೊತೆ ಹೊಸ ಪಂಪನ್ನು ಕೇಳದೆಯೇ ಹಾಕಿದ್ದರು. ಬಾನೆಟ್ಟಿನೊಳಗೆ ಚೀಟಿ ಅಂಟಿಸಿದ್ದರು: “ಆಗಸ್ಟ್ 2022. ಮುಂದಿನದು ಆಗಸ್ಟ್ 2027ರ ಒಳಗೆ.” ಆ ಚೀಟಿಯ ಕೆಳಗೆ ನಾವು ಇನ್ನೊಂದು ಸಾಲು ಬರೆದುಕೊಂಡಿದ್ದೇವೆ: “ಮಳೆಗಾಲಕ್ಕೆ ಮೊದಲು.” ಸದಸ್ಯ ಬಂಧುಗಳು ಈ ವಾರವೇ ತಮ್ಮ ಗಾಡಿಯ ಬಾನೆಟ್ ಎತ್ತಿ, ಅಂಥ ಚೀಟಿ ಇದೆಯೇ ಎಂದು ನೋಡಬೇಕಾಗಿ ಪ್ರಾರ್ಥನೆ. ಇಲ್ಲದಿದ್ದರೆ ರಿಜಿಸ್ಟರಿನಲ್ಲಿ ಹೆಸರು ಬರೆಸಲು ಕಚೇರಿಗೆ ಬನ್ನಿ. ಮೊದಲನೆಯ ಹೆಸರು ನಮ್ಮದು ಬರೆದಾಗಿದೆ.

— ಕಾರ್ಯದರ್ಶಿ